ಆಟೋಪೈಲಟ್ ಹಾಕಿದ ಮೇಲೆ ಕಣ್ಣು ಎಲ್ಲಿರಬೇಕು? ಇನ್‌ಸ್ಟ್ರುಮೆಂಟ್ ಅಪ್ರೋಚ್‌ನಲ್ಲಿ ಗಮನ ತಪ್ಪುವ ವಿಚಾರ

ಬಲಗಡೆ_ಸೀಟು:
ಯಾವ ಪುಸ್ತಕ ತೆಗೆದರೂ ಒಂದು ಸಾಲು ಇದ್ದೇ ಇರುತ್ತೆ: ‘ಅಪ್ರೋಚ್‌ನಲ್ಲಿ ಆಟೋಪೈಲಟ್ ಮೇಲೆ ನಿಗಾ ಇಡಬೇಕು.’ ಅಪ್ರೋಚ್ ಅಂದರೆ ಉಪಕರಣ ನೋಡಿಕೊಂಡು ರನ್‌ವೇಗೆ ಇಳಿದು ಬರುವ ಹಂತ. ಸರಿ, ನಿಗಾ ಅಂದರೆ ಏನು? ಯಾವ ಅಂಕಿ ನೋಡಬೇಕು, ಯಾವ ಹೊತ್ತಿನಲ್ಲಿ ನೋಡಬೇಕು, ಇಬ್ಬರಲ್ಲಿ ಯಾರು ನೋಡಬೇಕು ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ. ಜೆಟ್, ಎಟಿಆರ್, ಸೆಸ್ನಾ ಮೂರೂ ಬಲ್ಲವರು ಇಲ್ಲಿದ್ದೀರಿ. ‘ಜಾಗರೂಕರಾಗಿರಿ’ ಅನ್ನೋ ಉಪದೇಶ ಬೇಡ, ಕೆಲಸಕ್ಕೆ ಬರೋದನ್ನ ಬರೆಯಿರಿ.

ಸಿಮ್_ಮೇಷ್ಟ್ರು:
ಮುಂದೆ ಏನಾಗಬೇಕು ಅಂತ ಮೊದಲೇ ಹೇಳಿಕೊಂಡು, ಅದು ಆಯಿತಾ ಅಂತ ನೋಡುವುದೇ ನಿಗಾ. ಏನನ್ನೂ ನಿರೀಕ್ಷಿಸದೆ ಸ್ಕ್ರೀನ್ ದಿಟ್ಟಿಸುತ್ತಾ ಕೂತರೆ ಎರಡು ನಿಮಿಷಕ್ಕೆಲ್ಲ ಕಣ್ಣು ತೆರೆದಿರುತ್ತೆ, ತಲೆ ಬೇರೆಲ್ಲೋ ಇರುತ್ತೆ.

ನೋಡಬೇಕಾದ ಜಾಗ ಎಫ್‌ಎಂಎ, ಅಂದರೆ ಪಿಎಫ್‌ಡಿಯ (ಪೈಲಟ್ ಎದುರಿನ ಮುಖ್ಯ ಸ್ಕ್ರೀನ್) ನೆತ್ತಿಯ ಮೇಲಿರುವ ಆ ಸಣ್ಣ ಪಟ್ಟಿ. ಎ320ಯಲ್ಲಿ ಎಡದಿಂದ ಐದು ಅಂಕಣ: ಥ್ರಸ್ಟ್ (ಎಂಜಿನ್ ತಳ್ಳುವ ಬಲ) ಯಾವ ಮೋಡ್‌ನಲ್ಲಿದೆ, ಎತ್ತರ ಯಾವುದರಲ್ಲಿ, ದಿಕ್ಕು ಯಾವುದರಲ್ಲಿ, ಲ್ಯಾಂಡಿಂಗ್ ಸಾಮರ್ಥ್ಯ ಯಾವ ಮಟ್ಟದ್ದು, ಕೊನೆಗೆ ಆಟೋಪೈಲಟ್, ಫ್ಲೈಟ್ ಡೈರೆಕ್ಟರ್ (ಮೂತಿ ಎತ್ತ ತಿರುಗಿಸಬೇಕು ಅಂತ ತೋರಿಸುವ ಗೆರೆಗಳು), ಆಟೋಥ್ರಸ್ಟ್ (ಎಂಜಿನ್ ಬಲ ತಾನೇ ಸರಿಮಾಡುವ ವ್ಯವಸ್ಥೆ) ಯಾವುದೆಲ್ಲ ಚಾಲೂ ಇವೆ. ಅಪ್ರೋಚ್ ಗುಂಡಿ ಒತ್ತಿದ ಕೂಡಲೇ ಲೋಕಲೈಸರ್ (ರನ್‌ವೇಯ ನೇರ ತೋರಿಸುವ ರೇಡಿಯೋ ದಾರಿ), ಗ್ಲೈಡ್‌ಸ್ಲೋಪ್ (ಇಳಿಜಾರು ತೋರಿಸುವ ರೇಡಿಯೋ ದಾರಿ) ಎರಡೂ ನೀಲಿ ಅಕ್ಷರದಲ್ಲಿ ಕಾಯುತ್ತಾ ಕೂರುತ್ತವೆ. ಹಿಡಿಯುವಾಗ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಹಾಕಿಕೊಂಡು ಹಸಿರಾಗುತ್ತವೆ, ಪೂರ್ತಿ ಹಿಡಿದ ಮೇಲೆ ನಕ್ಷತ್ರ ಹೋಗುತ್ತೆ. ಬದಲಾದ ಮೋಡ್‌ನ ಸುತ್ತ ಬಿಳಿ ಚೌಕಟ್ಟು ಇರೋದು 10 ಸೆಕೆಂಡ್ ಮಾತ್ರ. ಆ 10 ಸೆಕೆಂಡ್ ನೀವು ತಲೆ ತಗ್ಗಿಸಿ ಬಾಕ್ಸ್‌ನಲ್ಲಿ (ಫ್ಲೈಟ್ ಕಂಪ್ಯೂಟರ್‌ನಲ್ಲಿ) ಏನೋ ಟೈಪ್ ಮಾಡ್ತಿದ್ದರೆ ಬದಲಾವಣೆ ನಿಮ್ಮ ಪಾಲಿಗೆ ಆಗಲೇ ಇಲ್ಲ.

ಗುಂಡಿ ಒತ್ತಿದ್ದಕ್ಕೂ ಮೋಡ್ ಬಂದದ್ದಕ್ಕೂ ವ್ಯತ್ಯಾಸ ಇದೆ. ಗುಂಡಿಯ ದೀಪ ನೋಡಿ ಮೋಡ್ ಹೆಸರು ಹೇಳುವವರು ಬಹಳ ಜನ. ಎಫ್‌ಎಂಎ ಓದಿ ಬಾಯಿಬಿಟ್ಟು ಹೇಳಿ, ಪಕ್ಕದವರು ಅದನ್ನೇ ಓದಿ ‘ಚೆಕ್ಡ್’ ಅನ್ನಲಿ.

ಇದಕ್ಕೆ ನಮ್ಮೂರಿನದೇ ಪಾಠ ಇದೆ. 1990ರ ಫೆಬ್ರವರಿ 14, ಇಂಡಿಯನ್ ಏರ್‌ಲೈನ್ಸ್ 605, ಹೊಸ ಎ320, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ, ರನ್‌ವೇ 09. ಹವೆ ಸ್ವಚ್ಛ. ವಿಒಆರ್ ಡಿಎಂಇ ಅಪ್ರೋಚ್ (ನೆಲದ ರೇಡಿಯೋ ಕೇಂದ್ರದಿಂದ ದಿಕ್ಕು, ದೂರ ಮಾತ್ರ ಸಿಗುವಂಥದ್ದು) ಆಗಿ ಶುರುವಾಗಿ, ರನ್‌ವೇ ಕಂಡ ಮೇಲೆ ವಿಶ್ಯುವಲ್. ತನಿಖೆಯ ಪ್ರಕಾರ ಬಿದ್ದದ್ದಕ್ಕೆ ಸುಮಾರು 35 ಸೆಕೆಂಡ್ ಮೊದಲು, ನಿಮಿಷಕ್ಕೆ 700 ಅಡಿ ಇಳಿಯುವ ವೇಗ ಹಾಕಲು ಹೋದ ಕೈ ಪಕ್ಕದ ಎತ್ತರದ ನಾಬ್‌ನಲ್ಲಿ 700 ಅಡಿ ಹಾಕಿಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ನೆಲವೇ ಸಮುದ್ರ ಮಟ್ಟದಿಂದ 2,900 ಅಡಿ ಮೇಲಿರುವ ಊರಲ್ಲಿ 700 ಅಡಿ ಅಂದರೆ ಪಾತಾಳ. ವಿಮಾನ ಮಾತ್ರ ಹೇಳಿದ ಮಾತು ಕೇಳಿತು. ಓಪನ್ ಡಿಸೆಂಟ್ ಮೋಡ್‌ಗೆ ಹೋಗಿ ಎಂಜಿನ್ ಐಡಲ್‌ಗೆ ಇಳಿಸಿತು. ಆ ಮೋಡ್‌ನಲ್ಲಿ ಥ್ರಸ್ಟ್ ಅಲುಗಾಡಲ್ಲ, ವೇಗ ಕಾಯುವುದು ಮೂತಿಯ ಕೆಲಸ. ಮೂತಿ ಎತ್ತಿ ಹಿಡಿದರೆ ವೇಗ ಕರಗಲೇಬೇಕು. ಎರಡೂ ಫ್ಲೈಟ್ ಡೈರೆಕ್ಟರ್ ಆಫ್ ಮಾಡಿದ್ದರೆ ಆಟೋಥ್ರಸ್ಟ್ ಸ್ಪೀಡ್ ಮೋಡ್‌ಗೆ ಮರಳುತ್ತಿತ್ತು. ಆಫ್ ಆಗಿದ್ದು ಒಂದೇ. ವಿಮಾನ ಗಾಲ್ಫ್ ಮೈದಾನದಲ್ಲಿ ನೆಲ ಮುಟ್ಟಿತು. 146 ಜನರಲ್ಲಿ 92 ಮಂದಿ ಹೋದರು. ‘ಥ್ರಸ್ಟ್ ಐಡಲ್’ ಅನ್ನೋ ಎರಡು ಪದ ಎಫ್‌ಎಂಎಯ ಮೊದಲ ಅಂಕಣದಲ್ಲೇ ಇರುತ್ತವೆ.

ಏವಿಯಾನಿಕ್ಸ್_ಬೆಂಚ್:
ಮೇಷ್ಟ್ರು ಹೇಳಿದ್ದರಲ್ಲಿ ತಪ್ಪು ಮೋಡ್ ಹಾಕಿದ್ದು ಮನುಷ್ಯ. ಯಾರೂ ಏನೂ ಮುಟ್ಟದೆ ಮೋಡ್ ಬದಲಾದ ಉದಾಹರಣೆಯೂ ಬೇಕು. 2009ರ ಫೆಬ್ರವರಿ 25, ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್, ಟರ್ಕಿಶ್ ಏರ್‌ಲೈನ್ಸ್ 1951, ಬೋಯಿಂಗ್ 737-800, ರನ್‌ವೇ 18 ಆರ್‌ಗೆ ಐಎಲ್‌ಎಸ್, ಅಂದರೆ ಲೋಕಲೈಸರ್ ಮತ್ತು ಗ್ಲೈಡ್‌ಸ್ಲೋಪ್ ಹಿಡಿದು ಇಳಿಯುವುದು.

ಎಡಗಡೆಯ ರೇಡಿಯೋ ಆಲ್ಟಿಮೀಟರ್ (ರೇಡಿಯೋ ಅಲೆಯಿಂದ ನೆಲದ ದೂರ ಅಳೆಯುವುದು) ಗಾಳಿಯಲ್ಲಿರುವಾಗಲೇ ಮೈನಸ್ 8 ಅಡಿ ತೋರಿಸುತ್ತಿತ್ತು. ಚಾಲೂ ಇದ್ದದ್ದು ಬಲಗಡೆಯ ಆಟೋಪೈಲಟ್, ಅದು ಓದುವುದು ಬಲಗಡೆಯ ಸರಿಯಾದ ಆಲ್ಟಿಮೀಟರನ್ನ. ಆಟೋಥ್ರಾಟಲ್ (ಬೋಯಿಂಗ್‌ನ ಆಟೋಥ್ರಸ್ಟ್) ಓದುವುದು ಎಡಗಡೆಯದನ್ನ. ಹೀಗಾಗಿ ಒಂದೇ ವಿಮಾನದೊಳಗೆ ಎರಡು ಅಭಿಪ್ರಾಯ: ಆಟೋಪೈಲಟ್‌ಗೆ ಇನ್ನೂ ಆಕಾಶ, ಆಟೋಥ್ರಾಟಲ್‌ಗೆ ಆಗಲೇ ನೆಲ. ಅದು ‘ರಿಟಾರ್ಡ್’ ಮೋಡ್‌ಗೆ ಹೋಗಿ ಲಿವರ್‌ಗಳನ್ನ ಹಿಂದಕ್ಕೆ ಎಳೆದು ಹಿಡಿದುಕೊಂಡಿತು. ಆಟೋಪೈಲಟ್ ಗ್ಲೈಡ್‌ಸ್ಲೋಪ್ ಬಿಡದೆ ಮೂತಿ ಎತ್ತುತ್ತಾ, ಟ್ರಿಮ್ (ಮೂತಿಯ ಮಟ್ಟ ಹಿಡಿದಿಡುವ ಬಾಲದ ಹೊಂದಾಣಿಕೆ) ಹಿಂದಕ್ಕೆ ಸುತ್ತುತ್ತಾ ಹೋಯಿತು. ಸೂಜಿಗಳೆಲ್ಲ ಮಧ್ಯದಲ್ಲೇ. 144 ನಾಟ್ ಇರಬೇಕಾದ ವೇಗ 107ಕ್ಕೆ ಬಂದಾಗ, ಸುಮಾರು 460 ಅಡಿಯಲ್ಲಿ ಸ್ಟಿಕ್ ಶೇಕರ್ ಬಡಿಯಿತು. ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ‘ಸ್ಟಾಲ್’ ಹತ್ತಿರ ಬಂದಾಗ ಯೋಕ್ ಅನ್ನೋ ಚುಕ್ಕಾಣಿಯನ್ನ ನಡುಗಿಸುವ ಎಚ್ಚರಿಕೆ ಅದು.

ಕಾಕ್‌ಪಿಟ್‌ನಲ್ಲಿ ಮೂರು ಜನ ಇದ್ದರು. ಆದರೂ ಯಾಕೆ ಕಾಣಲಿಲ್ಲ? ಗ್ಲೈಡ್‌ಸ್ಲೋಪನ್ನ ಮೇಲಿನಿಂದ ಹಿಡಿದಿದ್ದರು. ಮೇಲಿನಿಂದ ಇಳಿಯುವಾಗ ಥ್ರಸ್ಟ್ ಐಡಲ್‌ನಲ್ಲೇ ಇರಬೇಕು, ಅದು ಸಹಜ. ತಪ್ಪು ಸಹಜದ ವೇಷದಲ್ಲಿ ಬಂದಿತ್ತು. ಐಡಲ್ ಇರಬಾರದ ಹೊತ್ತು ಬಂದಾಗ ಇಬ್ಬರೂ ಲ್ಯಾಂಡಿಂಗ್ ಚೆಕ್‌ಲಿಸ್ಟ್ ಓದಿ ಮುಗಿಸುವ ಧಾವಂತದಲ್ಲಿದ್ದರು. ಶೇಕರ್ ಬಡಿದಾಗ ಲಿವರ್ ಮುಂದೆ ತಳ್ಳಿದರು, ಆಟೋಥ್ರಾಟಲ್ ಕಳಚಿರಲಿಲ್ಲ; ಕೈ ತೆಗೆದ ಕೂಡಲೇ ಲಿವರ್ ಮತ್ತೆ ಐಡಲ್‌ಗೆ ಹೋಯಿತು. 9 ಜನ ಸತ್ತರು.

ಅದಕ್ಕೇ ಹೇಳೋದು, ಬೋಯಿಂಗ್‌ನಲ್ಲಿ ಒಂದು ಕೈ ಲಿವರ್ ಮೇಲೇ ಇರಲಿ. ಅಲ್ಲಿ ಲಿವರ್ ನಿಜವಾಗಿ ಚಲಿಸುತ್ತೆ, ಕೈಗೆ ಸುದ್ದಿ ಮುಟ್ಟಿಸುತ್ತೆ. ಏರ್‌ಬಸ್‌ನಲ್ಲಿ ಲಿವರ್ ಕ್ಲೈಂಬ್ ಖಾನೆಯಲ್ಲಿ ಅಲುಗಾಡದೆ ಕೂರುತ್ತೆ, ಅಲ್ಲಿ ಎನ್1 (ಎಂಜಿನ್ ಸುತ್ತುವ ವೇಗ) ಮತ್ತು ಸ್ಪೀಡ್ ಟ್ರೆಂಡ್ ಬಾಣವೇ ಗತಿ.

ಎರಡು_ಫಂಕ:
ಆಟೋಥ್ರಾಟಲ್ ಕೆಟ್ಟ ಕಥೆ ಆಯಿತು. ಅದು ಇಲ್ಲವೇ ಇಲ್ಲದ ವಿಮಾನಗಳ ಮಾತೂ ಆಡೋಣ. ಹುಬ್ಬಳ್ಳಿಗೆ, ಮೈಸೂರಿಗೆ ಬರುವ ಎಟಿಆರ್ 72 ಇದೇ ಜಾತಿ. ಆಟೋಪೈಲಟ್ ಎತ್ತರ ಕಾಯುತ್ತೆ, ದಿಕ್ಕು ಕಾಯುತ್ತೆ. ವೇಗದ ಜವಾಬ್ದಾರಿ ಪವರ್ ಲಿವರ್ ಮೇಲಿರುವ ನಿಮ್ಮ ಕೈಯದು.

ಅಪಾಯದ ಹೊತ್ತು ಯಾವುದು ಅಂದರೆ, ಎತ್ತರ ಹಿಡಿದು ಮಟ್ಟಸವಾಗಿ ಹೋಗುತ್ತಾ ಗ್ಲೈಡ್‌ಸ್ಲೋಪ್‌ಗೆ ಕಾಯುವಾಗ. ಇಳಿಯುತ್ತಾ ಬಂದವರು ಪವರ್ ಕಡಿಮೆ ಇಟ್ಟಿರುತ್ತಾರೆ. ಆಟೋಪೈಲಟ್ ಎತ್ತರ ಹಿಡಿಯುತ್ತೆ. ಗೇರ್ ಇಳಿಸುತ್ತೀರಿ, ಕೆಲವು ವಿಮಾನಗಳಲ್ಲಿ ಕಂಡಿಷನ್ ಲಿವರ್ (ಪ್ರೊಪೆಲ್ಲರ್ ಸುತ್ತುವ ವೇಗದ ಲಿವರ್) ಮುಂದೆ ತಳ್ಳುತ್ತೀರಿ, ಪ್ರೊಪೆಲ್ಲರ್ ಚಪ್ಪಟೆಯಾಗಿ ಗಾಳಿಗೆ ಬಾಗಿಲು ಹಾಕಿದಂತೆ ನಿಲ್ಲುತ್ತೆ, ಮೇಲೆ ಫ್ಲಾಪ್. ಎಳೆತ ಮೂರು ಕಡೆಯಿಂದ ಏರುತ್ತೆ, ಪವರ್ ಇದ್ದಲ್ಲೇ ಇದೆ. ಆಟೋಪೈಲಟ್ ದೂರು ಹೇಳಲ್ಲ, ಮೂತಿ ಎತ್ತುತ್ತಾ ಎತ್ತರ ಉಳಿಸಿಕೊಡುತ್ತೆ. 2009ರ ಫೆಬ್ರವರಿ 12ರಂದು ಬಫಲೋ ಹತ್ತಿರ ಕೋಲ್ಗನ್ 3407, ಕ್ಯೂ400 (ಎಟಿಆರ್‌ನಂಥದೇ ಪ್ರೊಪೆಲ್ಲರ್ ವಿಮಾನ), 2,300 ಅಡಿಯಲ್ಲಿ ಆಗಿದ್ದು ಇದೇ. ಶೇಕರ್ 131 ನಾಟ್‌ಗೆ ಬಂತು, ಆಟೋಪೈಲಟ್ ಕಳಚಿಕೊಂಡಿತು, ಕ್ಯಾಪ್ಟನ್ ಯೋಕ್ ತಳ್ಳುವ ಬದಲು ಎಳೆದರು. ಕೆಳಗಿನ ಮನೆಯವರೊಬ್ಬರೂ ಸೇರಿ 50 ಜನ. ಅಪ್ರೋಚ್‌ನ ಹೊತ್ತಲ್ಲೂ ಹರಟೆ ನಡೆದಿತ್ತು ಅನ್ನೋದು ರೆಕಾರ್ಡರ್‌ನಲ್ಲಿದೆ.

ಅಭ್ಯಾಸ ಮಾಡಿಕೊಳ್ಳಿ: ಎಳೆತ ಹೆಚ್ಚಿಸುವ ಯಾವ ಲಿವರ್ ಮುಟ್ಟಿದರೂ ಅದರ ಬೆನ್ನಿಗೇ ಟಾರ್ಕ್ (ಎಂಜಿನ್ ಬಲದ) ಅಂಕಿ ನೋಡಿ, ಆಮೇಲೆ ವೇಗ. ‘ಗೇರ್ ಡೌನ್’ ಅಂದವರೇ ಪವರ್ ಸರಿಮಾಡಬೇಕು.

ಕೈಯಲ್ಲೇ_ಹಾರಿಸು:
ಇಷ್ಟೆಲ್ಲ ಕಾವಲು ಕಾಯುವುದಕ್ಕಿಂತ ಆಟೋಪೈಲಟ್ ತೆಗೆದು ಕೈಯಲ್ಲೇ ಹಾರಿಸಬಾರದೇಕೆ? ಕೈಯಲ್ಲಿ ಯೋಕ್ ಇದ್ದರೆ ವೇಗ ಬೀಳುವುದು ಅಂಗೈಗೇ ಗೊತ್ತಾಗುತ್ತೆ. ಮನುಷ್ಯನಿಗೆ ಕೆಲಸ ಕೊಟ್ಟರೆ ಎಚ್ಚರ ಇರುತ್ತಾನೆ, ಕಾವಲಿಗೆ ಕೂರಿಸಿದರೆ ತೂಕಡಿಸುತ್ತಾನೆ.

ಸಿಮ್_ಮೇಷ್ಟ್ರು:
ಅರ್ಧ ಒಪ್ಪುತ್ತೇನೆ. ಹವೆ ಚೆನ್ನಾಗಿರುವ ದಿನ, ದಟ್ಟಣೆ ಇಲ್ಲದ ನಿಲ್ದಾಣಕ್ಕೆ ಕೈಯಲ್ಲಿ ಹಾರಿಸಲೇಬೇಕು, ಇಲ್ಲದಿದ್ದರೆ ಕೈ ತುಕ್ಕು ಹಿಡಿಯುತ್ತೆ. ಮೋಡದೊಳಗೆ, ಕಂಟ್ರೋಲರ್ ಒಂದರ ಹಿಂದೆ ಒಂದು ದಿಕ್ಕು ಕೊಡುತ್ತಿರುವಾಗ, ಗಮನದ ಬಹುಪಾಲು ಯೋಕ್‌ಗೇ ಹೋಗಿಬಿಡುತ್ತೆ. ಇಂಧನ, ಹವೆ, ಮಿಸ್ಡ್ ಅಪ್ರೋಚ್ (ಇಳಿಯದೆ ಮೇಲೇರಿ ಹೋಗುವ ದಾರಿ) ಬಗ್ಗೆ ಯೋಚಿಸಲು ತಲೆಯಲ್ಲಿ ಜಾಗ ಉಳಿಯಲ್ಲ. ನೀವು ಹೇಳಿದ ತೂಕಡಿಕೆ ಮಾತ್ರ ನಿಜ. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 1994ರಲ್ಲಿ ಸಿಬ್ಬಂದಿಯ ಲೋಪದಿಂದಾದ 37 ಅಪಘಾತ ಕೂರಿಸಿಕೊಂಡು ನೋಡಿದಾಗ 31ರಲ್ಲಿ ನಿಗಾ ಅಥವಾ ಪ್ರಶ್ನಿಸುವ ಕೆಲಸ ಸೋತಿತ್ತು.

ತೆಗೆಯುವುದಾದರೆ ಪೂರ್ತಿ ತೆಗೆಯಿರಿ. ಅರ್ಧ ಅದರ ಕೈಯಲ್ಲಿ, ಅರ್ಧ ನಿಮ್ಮ ಕೈಯಲ್ಲಿ ಅನ್ನೋದೇ ಎಲ್ಲಕ್ಕಿಂತ ಕೆಟ್ಟದ್ದು. ನಗೋಯಾ, 1994ರ ಏಪ್ರಿಲ್ 26, ಚೈನಾ ಏರ್‌ಲೈನ್ಸ್ 140, ಎ300-600ಆರ್. ಐಎಲ್‌ಎಸ್ ಮೇಲೆ ಬರುವಾಗ ಗೋ-ಅರೌಂಡ್ (ಇಳಿಯುವುದು ಬಿಟ್ಟು ಮತ್ತೆ ಮೇಲೇರುವ) ಲಿವರ್‌ಗೆ ಕೈ ತಾಗಿತು. ಆಮೇಲೆ ಆಟೋಪೈಲಟ್ ಹಾಕಿದರು, ಮೋಡ್ ಗೋ-ಅರೌಂಡ್‌ನಲ್ಲೇ ಇತ್ತು. ಇವರು ಯೋಕ್ ಮುಂದೆ ತಳ್ಳುತ್ತಾರೆ, ಅದು ಬಾಲದ ರೆಕ್ಕೆಯನ್ನೇ ಮೂತಿ ಏರುವಂತೆ ಟ್ರಿಮ್ ಮಾಡುತ್ತೆ. ಇವರ ಬಲ ತೋಳಿನದು, ಅದರ ಬಲ ಇಡೀ ಸ್ಟೆಬಿಲೈಸರ್‌ದು. ಕೊನೆಗೆ ಮೂತಿ ಆಕಾಶಕ್ಕೆ ಎದ್ದು ವಿಮಾನ ಸ್ಟಾಲ್ ಆಯಿತು. 264 ಜನ.

ಯೋಕ್ ನಿಮ್ಮ ಕೈಗೆ ಎದುರಾಡುತ್ತಿದೆ ಅನಿಸಿದರೆ ಬಲ ಹೆಚ್ಚಿಸಬೇಡಿ. ಕೆಂಪು ಗುಂಡಿ ಒತ್ತಿ, ಟ್ರಿಮ್ ನೋಡಿ, ಆಮೇಲೆ ಹಾರಿಸಿ.

ಟವರ್_ಕಿಟಕಿ:
ನೆಲದ ಮೇಲಿನವರ ಪಾಲಿನದೂ ಹೇಳಬೇಕು. ಗಮನ ಕದಿಯುವುದರಲ್ಲಿ ಮೊದಲ ಸ್ಥಾನ ನಮ್ಮದೇ ಇರಬಹುದು: ಕೊನೇ ಗಳಿಗೆಯ ರನ್‌ವೇ ಬದಲಾವಣೆ, ‘4 ಮೈಲಿವರೆಗೆ 160 ನಾಟ್ ಇರಲಿ’ ಅನ್ನೋ ಸೂಚನೆ, ಸರಿಯಾಗಿ ಗ್ಲೈಡ್‌ಸ್ಲೋಪ್ ಹಿಡಿಯುವ ಹೊತ್ತಿಗೇ ಫ್ರೀಕ್ವೆನ್ಸಿ ಬದಲಾವಣೆ. ಆಗಲ್ಲ ಅನಿಸಿದರೆ ‘ಅನೇಬಲ್’ ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ, ಒಂದು ಸುತ್ತು ಕೊಡುತ್ತಾರೆ.

ವಿಮಾನವನ್ನ ಎತ್ತರದಲ್ಲೇ ಉಳಿಸುವುದು ಇನ್ನೊಂದು. 2010ರ ಮೇ 22ರ ಮಂಗಳೂರು ನೆನಪಿಸಿಕೊಳ್ಳಿ, ಏರ್ ಇಂಡಿಯಾ ಎಕ್ಸ್‌ಪ್ರೆಸ್ 812. ರಾಡಾರ್ ಎರಡು ದಿನದಿಂದ ಕೆಟ್ಟಿತ್ತು, ಇಳಿಯಲು ಅನುಮತಿ ತಡವಾಗಿ ಸಿಕ್ಕಿತು. ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ದೆಯಲ್ಲಿದ್ದು ಎದ್ದವರು. ರನ್‌ವೇ ಹತ್ತಿರ ಬಂದಾಗ ಇರಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಎತ್ತರ. ಫಸ್ಟ್ ಆಫೀಸರ್ ಮೂರು ಸಲ ಗೋ-ಅರೌಂಡ್ ಹೇಳಿದರು. 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿ ನೆಲ ಮುಟ್ಟಿತು. 158 ಜನ ಹೋದರು, 8 ಜನ ಉಳಿದರು. ನಿಗಾ ಇಟ್ಟವರು ನೋಡಿದ್ದರು, ಹೇಳಿಯೂ ಇದ್ದರು. ಕೇಳಿಸಿಕೊಳ್ಳುವವರು ಇರಲಿಲ್ಲ.

ಮೂರನೆಯದು ಕ್ಯೂಎನ್‌ಎಚ್, ಅಂದರೆ ಆಲ್ಟಿಮೀಟರ್‌ಗೆ (ಎತ್ತರದ ಮಾಪಕಕ್ಕೆ) ಹಾಕುವ ಸ್ಥಳೀಯ ಗಾಳಿಯ ಒತ್ತಡ. 2022ರ ಮೇ 23, ಪ್ಯಾರಿಸ್ ಚಾರ್ಲ್ಸ್ ಡಿ ಗಾಲ್, ಒಂದು ಎ320, ರನ್‌ವೇ 27 ಆರ್‌ಗೆ ಜಿಪಿಎಸ್ ಆಧಾರದ ಆರ್‌ಎನ್‌ಪಿ ಅಪ್ರೋಚ್. ಕಂಟ್ರೋಲರ್ 1001ರ ಬದಲು 1011 ಅಂದರು, ಪೈಲಟ್ ಅದನ್ನೇ ಮರಳಿ ಓದಿದರು. 10 ಹೆಕ್ಟೋಪಾಸ್ಕಲ್ ಅಂದರೆ ಸುಮಾರು 280 ಅಡಿ. ಆಟೋಪೈಲಟ್ ಎಳ್ಳಷ್ಟೂ ತಪ್ಪದೆ, 280 ಅಡಿ ಕೆಳಗಿನ ದಾರಿಯಲ್ಲಿ ಕರೆದುಕೊಂಡು ಹೋಯಿತು. ರನ್‌ವೇ ಇನ್ನೂ ಮುಕ್ಕಾಲು ಮೈಲಿ ಇರುವಾಗ ನೆಲಕ್ಕೂ ವಿಮಾನಕ್ಕೂ ಇದ್ದ ಅಂತರ 6 ಅಡಿ. ಗೋ-ಅರೌಂಡ್ ಆಗಿ ಎಲ್ಲರೂ ಬಚಾವು. ಎರಡನೇ ಸಲವೂ ಅದೇ ತಪ್ಪು ಕ್ಯೂಎನ್‌ಎಚ್‌ನಲ್ಲೇ ಬಂದು ಇಳಿದರು.

ಏವಿಯಾನಿಕ್ಸ್_ಬೆಂಚ್:
ಇದಕ್ಕೆ ಒಂದು ಮಾತು ಸೇರಿಸಲೇಬೇಕು. ಐಎಲ್‌ಎಸ್‌ನ ಗ್ಲೈಡ್‌ಸ್ಲೋಪ್ ನೆಲದ ಆಂಟೆನಾದಿಂದ ಬರುವ ರೇಡಿಯೋ ಕಿರಣ, ಕ್ಯೂಎನ್‌ಎಚ್ ತಪ್ಪಿದರೂ ಅದು ಅಲ್ಲೇ ಇರುತ್ತೆ. ಹಾಗಾಗಿ ಕೊನೆಯ ಫಿಕ್ಸ್‌ನಲ್ಲಿ (ಚಾರ್ಟ್‌ನಲ್ಲಿ ಗುರುತಿಸಿದ ಬಿಂದುವಿನಲ್ಲಿ) ಚಾರ್ಟ್ ಹೇಳುವ ಎತ್ತರಕ್ಕೂ ಆಲ್ಟಿಮೀಟರ್‌ಗೂ 280 ಅಡಿ ವ್ಯತ್ಯಾಸ ಎದ್ದು ಕಾಣುತ್ತೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ. ಬ್ಯಾರೋ, ಅಂದರೆ ಗಾಳಿಯ ಒತ್ತಡದ ಆಧಾರದ ಇಳಿಜಾರಿನಲ್ಲಿ ದಾರಿಯೂ ಅಳತೆಗೋಲೂ ಒಂದೇ ಆಲ್ಟಿಮೀಟರ್. ದೂರ-ಎತ್ತರದ ತಾಳೆ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತೆ. ಅಲ್ಲಿ ಹಿಡಿಯಲು ಇರುವ ದಾರಿ, ಎಟಿಐಎಸ್‌ನ (ನಿಲ್ದಾಣದ ಧ್ವನಿಮುದ್ರಿತ ಮಾಹಿತಿ ಪ್ರಸಾರದ) ಕ್ಯೂಎನ್‌ಎಚ್ ಜೊತೆ ಕಂಟ್ರೋಲರ್ ಕೊಟ್ಟದ್ದನ್ನ ಹೋಲಿಸುವುದು, ಮತ್ತು ರೇಡಿಯೋ ಆಲ್ಟಿಮೀಟರ್ ಜೀವ ಪಡೆದಾಗ ಆ ಅಂಕಿಗೆ ಅರ್ಥ ಇದೆಯಾ ಅಂತ ಯೋಚಿಸುವುದು.

ಬಲಗಡೆ_ಸೀಟು:
ಮೇಲಿನಿಂದ ಗ್ಲೈಡ್‌ಸ್ಲೋಪ್ ಹಿಡಿಯುವುದು ಮತ್ತೆ ಮತ್ತೆ ಬರ್ತಿದೆ. ಹಿಡಿಯಲೇಬೇಕಾದರೆ ಕ್ರಮ ಏನು, ಮೇಷ್ಟ್ರೇ? ಮತ್ತೆ, ಚೆಕ್‌ಲಿಸ್ಟ್ ಮಧ್ಯೆ ರೇಡಿಯೋ ಕರೆ ಬಂದರೆ?

ಸಿಮ್_ಮೇಷ್ಟ್ರು:
ಮೊದಲು ನೀವು ಮೇಲಿದ್ದೀರಿ ಅಂತ ಗೊತ್ತಾಗಬೇಕಲ್ಲ. 3 ಡಿಗ್ರಿ ದಾರಿಯಲ್ಲಿ ರನ್‌ವೇಗೆ ಎಷ್ಟು ಮೈಲಿ ಇದೆಯೋ ಅದರ 300 ಪಟ್ಟು ಅಡಿ, ನಿಲ್ದಾಣದ ಎತ್ತರ ಕೂಡಿಸಿ. ಈಗಿನ ಬೆಂಗಳೂರು ನಿಲ್ದಾಣ ಸುಮಾರು 3,000 ಅಡಿಯಲ್ಲಿದೆ, ಅಂದರೆ 10 ಮೈಲಿಯಲ್ಲಿ ಆಲ್ಟಿಮೀಟರ್ 6,000ದ ಆಸುಪಾಸು ತೋರಿಸಬೇಕು. 7,500 ತೋರಿಸಿದರೆ ನೀವು ಮೇಲಿದ್ದೀರಿ. ಇಳಿಯುವ ವೇಗಕ್ಕೆ ಗ್ರೌಂಡ್‌ಸ್ಪೀಡ್‌ನ 5 ಪಟ್ಟು: 140 ನಾಟ್‌ಗೆ ನಿಮಿಷಕ್ಕೆ 700 ಅಡಿ.

ಎ320ಯಲ್ಲಿ ಕ್ರಮ ಹೀಗೆ: ಲೋಕಲೈಸರ್ ಹಿಡಿದಿರಬೇಕು, ಗ್ಲೈಡ್‌ಸ್ಲೋಪ್ ನೀಲಿಯಲ್ಲಿ ಕಾಯುತ್ತಿರಬೇಕು. ಎಫ್‌ಸಿಯುನಲ್ಲಿ (ಆಟೋಪೈಲಟ್‌ನ ನಾಬ್‌ಗಳಿರುವ ಫಲಕದಲ್ಲಿ) ಎತ್ತರವನ್ನ ಈಗಿರುವ ಎತ್ತರಕ್ಕಿಂತ ಮೇಲೆ ಇಡಿ, ಇಲ್ಲದಿದ್ದರೆ ನಡುವೆ ಎತ್ತರ ಹಿಡಿದು ನಿಂತುಬಿಡುತ್ತೆ. ಆಮೇಲೆ ವರ್ಟಿಕಲ್ ಸ್ಪೀಡ್ ನಿಮಿಷಕ್ಕೆ ಮೈನಸ್ 1,500, ಬೇಕಾದರೆ 2,000ದವರೆಗೆ. ಎತ್ತರ ಮೇಲೆ ಇಟ್ಟದ್ದರಿಂದ ಈಗ ತಡೆಯುವ ನೆಲಗಟ್ಟು ಯಾವುದೂ ಇಲ್ಲ. ಗ್ಲೈಡ್‌ಸ್ಲೋಪ್ ಹಿಡಿಯದೇ ಹೋದರೆ ಅದೇ ವೇಗದಲ್ಲಿ ನೆಲದವರೆಗೂ ಹೋಗುತ್ತೆ. ಆದ್ದರಿಂದ ಈ ಹೊತ್ತಿನಲ್ಲಿ ಪಿಎಂಗೆ (ಹಾರಿಸದೆ ನಿಗಾ ಇಡುವ ಪೈಲಟ್‌ಗೆ) ಬೇರೆ ಯಾವ ಕೆಲಸವೂ ಕೊಡಬೇಡಿ. 1,000 ಅಡಿಗೆ ಸ್ಥಿರವಾಗದಿದ್ದರೆ ಗೋ-ಅರೌಂಡ್.

ಮೇಲೆ ಇರುವುದರ ಇನ್ನೊಂದು ಅಪಾಯ ಸುಳ್ಳು ಗ್ಲೈಡ್‌ಸ್ಲೋಪ್. 3 ಡಿಗ್ರಿ ಆಂಟೆನಾ 9 ಡಿಗ್ರಿಯಲ್ಲೂ ಒಂದು ದಾರಿ ತೋರಿಸುತ್ತೆ. ನಡುವೆ ಸೂಜಿ ಉಲ್ಟಾ ಮಾತಾಡುವ ಜಾಗವೂ ಉಂಟು, ಅಲ್ಲಿ ಆಟೋಪೈಲಟ್ ಹಿಡಿದರೆ ಇದ್ದಕ್ಕಿದ್ದಂತೆ ಮೂತಿ ಎತ್ತಬಹುದು. 2013ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಒಂದು 737 ಹೀಗೇ ಮೂತಿ ಎತ್ತಿ ಶೇಕರ್‌ವರೆಗೆ ಹೋಗಿತ್ತು. ದೂರ-ಎತ್ತರದ ಲೆಕ್ಕ ತಾಳೆಯಾಗದೆ ಹಸಿರು ಅಕ್ಷರ ಬಂದರೆ ನಂಬಬೇಡಿ.

ಚೆಕ್‌ಲಿಸ್ಟ್ ವಿಚಾರ: ಕರೆ ಬಂದರೆ ‘ಫ್ಲಾಪ್‌ಗೆ ನಿಲ್ಲಿಸಿದೆ’ ಅಂತ ಜೋರಾಗಿ ಹೇಳಿ, ಕರೆ ಮುಗಿದ ಮೇಲೆ ಒಂದು ಸಾಲು ಹಿಂದಿನಿಂದ ಶುರುಮಾಡಿ. ಎಲ್ಲಿ ನಿಲ್ಲಿಸಿದ್ದು ಅನ್ನೋ ಬಗ್ಗೆ ಇಬ್ಬರಲ್ಲಿ ಒಬ್ಬರಿಗೆ ಅನುಮಾನ ಬಂದರೂ ಮೊದಲಿನಿಂದ.

ಸೆಸ್ನಾ_172:
ಒಬ್ಬರೇ ಕೂರುವವರ ಪರವಾಗಿ ಎರಡು ಮಾತು. ಜಿ1000 (ಸ್ಕ್ರೀನ್ ಮೇಲಿನ ಉಪಕರಣ ಫಲಕ) ಇರುವ 172ರಲ್ಲಿ ಮಾಮೂಲಿ ತಪ್ಪು: ಸೂಜಿ ಇನ್ನೂ ಜಿಪಿಎಸ್‌ನ ಕೆನ್ನೀಲಿ ಬಣ್ಣದಲ್ಲಿದೆ, ಐಎಲ್‌ಎಸ್‌ಗೆ ಅದು ಹಸಿರಾಗಬೇಕು. ತಾನಾಗಿ ಬದಲಾಗದಿದ್ದರೆ ಸಿಡಿಐ (ಸೂಜಿಯ ಮೂಲ ಬದಲಿಸುವ) ಗುಂಡಿ ಒತ್ತಿ. ಕೆನ್ನೀಲಿಯಲ್ಲೇ ಅಪ್ರೋಚ್ ಮೋಡ್ ಹಾಕಿದರೆ ಐಎಲ್‌ಎಸ್‌ನ ಗ್ಲೈಡ್‌ಸ್ಲೋಪ್ ಹಿಡಿಯುವುದೇ ಇಲ್ಲ, ನೀವು ಎತ್ತರದಲ್ಲೇ ಉಳಿದು ಫಿಕ್ಸ್ ದಾಟುತ್ತೀರಿ. ಫ್ರೀಕ್ವೆನ್ಸಿ, ಐಡೆಂಟ್ (ಕೇಂದ್ರದ ಗುರುತಿನ ಸಂಕೇತ), ಸೂಜಿಯ ಬಣ್ಣ, ಇಳಿಯುವ ಕೊನೆಯ ಎತ್ತರ, ಮಿಸ್ಡ್ ಅಪ್ರೋಚ್‌ನ ಮೊದಲ ತಿರುವು, ಇವೆಲ್ಲ ಫಿಕ್ಸ್‌ಗೆ 10 ಮೈಲಿ ಇರುವಾಗಲೇ ಮುಗಿಯಲಿ. ಅಲ್ಲಿಂದಾಚೆ ಕಣ್ಣು ಎಫ್‌ಎಂಎ, ವೇಗ, ಎತ್ತರ ಸುತ್ತುತ್ತಿರಲಿ. ಮಡಿಲಿನ ಐಪ್ಯಾಡ್‌ನಲ್ಲಿ ಏನಾದರೂ ಹುಡುಕಬೇಕಾಗಿ ಬಂದರೆ ಒಂದು ಸುತ್ತು ಕೇಳಿ.

ಕೈಯಲ್ಲೇ_ಹಾರಿಸು:
ನಗೋಯಾ ಉದಾಹರಣೆ ಒಪ್ಪಿದೆ. ಆದರೂ ನಗೋಯಾದಲ್ಲಿ ಆಟೋಪೈಲಟ್ ಹಾಕದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ ಅನ್ನೋದನ್ನೂ ಬರೆದುಕೊಳ್ಳಿ 🙂

ಸಿಮ್_ಮೇಷ್ಟ್ರು:
ಬರೆದುಕೊಂಡೆ. ಅದರ ಕೆಳಗೆ ಈಸ್ಟರ್ನ್ 212 ಅಂತಲೂ ಬರೆಯಿರಿ. 1974ರ ಸೆಪ್ಟೆಂಬರ್ 11, ಶಾರ್ಲೆಟ್, ಡಿಸಿ-9, ಮಂಜಿನಲ್ಲಿ ವಿಒಆರ್ ಅಪ್ರೋಚ್. ಅಲ್ಲಿ ಆಟೋಪೈಲಟ್‌ನ ತಪ್ಪು ಏನೂ ಇರಲಿಲ್ಲ. ರಾಜಕೀಯ, ಹಳೇ ಕಾರು ಅಂತ ಮಾತಾಡುತ್ತಾ ಎತ್ತರದ ಲೆಕ್ಕ ಬಿಟ್ಟರು, 72 ಜನ ಹೋದರು. 1981ರಲ್ಲಿ ಅಮೆರಿಕ 10,000 ಅಡಿಗಿಂತ ಕೆಳಗೆ ಕೆಲಸದ ಮಾತು ಬಿಟ್ಟು ಬೇರೆ ಆಡುವಂತಿಲ್ಲ ಅನ್ನೋ ಸ್ಟೆರೈಲ್ ಕಾಕ್‌ಪಿಟ್ ನಿಯಮ ತಂದಿದ್ದು ಇಂಥವುಗಳ ಬೆನ್ನಿಗೆ.

ಬಲಗಡೆ_ಸೀಟು:
ಕೊನೇ ಪ್ರಶ್ನೆ. 10,000 ಅಡಿ ಕೆಳಗೆ ಕ್ಯಾಬಿನ್‌ನಿಂದ ಇಂಟರ್‌ಕಾಮ್ ಕರೆ ಬಂದರೆ ಎತ್ತಬೇಕಾ, ಬಿಡಬೇಕಾ?

ಸಿಮ್_ಮೇಷ್ಟ್ರು:
ಎತ್ತಬೇಕು. ನಿಯಮ ಗೊತ್ತಿದ್ದೂ ಕರೆ ಮಾಡಿದ್ದಾರೆ ಅಂದರೆ ಹೊಗೆಯೋ ಬೆಂಕಿಯೋ ಇರಬಹುದು. ಪಿಎಂ ಎತ್ತಲಿ. ಎತ್ತುವ ಮೊದಲು ಪಿಎಫ್ (ಹಾರಿಸುತ್ತಿರುವ ಪೈಲಟ್) ‘ಹಾರಾಟ ನನ್ನದು, ರೇಡಿಯೋ ನನ್ನದು’ ಅಂತ ಹೇಳಿ ತೆಗೆದುಕೊಳ್ಳಲಿ. ಆ ಹೊತ್ತು ಎಫ್‌ಎಂಎ ನೋಡಲು ಎರಡನೇ ಕಣ್ಣು ಇಲ್ಲ, ಹಾಗಾಗಿ ಪಿಎಫ್ ಯಾವ ಮೋಡನ್ನೂ ಬದಲಿಸಬಾರದು. ಲೋಕಲೈಸರ್ ಹಿಡಿಯಲು ಮೈಲಿ ಎರಡು ಮೈಲಿ ಮಾತ್ರ ಇದ್ದರೆ ಕರೆ ಅರ್ಧ ನಿಮಿಷ ಕಾಯಲಿ. ಪಿಎಂ ವಾಪಸ್ ಬಂದ ಮೇಲೆ ನಾಲ್ಕು ಸಂಗತಿ ಹೇಳಿ: ಎಷ್ಟು ಎತ್ತರಕ್ಕೆ ಅನುಮತಿ ಇದೆ, ಯಾವ ಮೋಡ್ ಹಸಿರು, ಯಾವುದು ಇನ್ನೂ ಕಾಯುತ್ತಿದೆ, ವೇಗ ಎಷ್ಟು. ಪಿಎಂ ಅದನ್ನ ಪಿಎಫ್‌ಡಿ ಮೇಲೆ ತಾನೇ ಓದಿ ಒಪ್ಪಿದ ಮೇಲೆ ರೇಡಿಯೋ ವಾಪಸ್ ಕೊಡಿ.